ದುರುಗವ್ವ ಹ್ಞೂಂ ಅನ್ನಲಿಲ್ಲ

“ಕುದ್ರಿ ಸತ್ತುಹೋತು,” ಎಂದಳು ಯಮನೂರಮ್ಮ.

ಯಾರೂ ಹ್ಞೂಂ ಅನ್ನಲಿಲ್ಲ.

ಮರಳಿ ಎಂಬ ಊರಿನ ಗದ್ದೆಯಲ್ಲಿ ಹೆಂಗಸರು ಸಾಲಾಗಿ ಬಗ್ಗಿ ನೆಲ್ಲು ಹಚ್ಚುತ್ತಿದ್ದರು. ಸಸಿಯನ್ನು ಕೆಸರಿಗೆ ಚುಚ್ಚುವುದು, ಒಂದು ಹೆಜ್ಜೆ ಹಿಂದೆ ಸರಿಯುವುದು. ಈಗ ಎಲ್ಲರ ಕೈಯೂ ನಿಂತಿತ್ತು. ಸಸಿಯ ಬೇರುಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

ಯಮನೂರಮ್ಮ ತಮ್ಮನನ್ನು ತೊಡೆಯ ಮೇಲೆ ಹಾಕಿಕೊಂಡು ಬದುವಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ದಪ್ಪ ಪುಸ್ತಕ. ಐದನೇ ಕ್ಲಾಸಿನ ಹುಡುಗಿ. ಶಾಲೆ ಬಿಟ್ಟ ಮೇಲೆ ಗದ್ದೆಗೆ ಬಂದು ತಮ್ಮನನ್ನು ನೋಡಿಕೊಳ್ಳುವುದು ಅವಳ ಕೆಲಸ. ಓದಿದ್ದನ್ನೆಲ್ಲ ಈ ಹೆಂಗಸರಿಗೆ ಹೇಳುವುದು ಅವಳ ಗ್ರಹಚಾರ.

“ದುರುಗವ್ವಾಯಿ, ಹ್ಞೂಂ ಅನ್ನಬೇ!”

ದುರುಗವ್ವ ಆ ಸಾಲಿನ ಮುಂದಾಳು. ಯಾರೇ ಕತೆ ಹೇಳಲಿ, ಮೊದಲು ಹ್ಞೂಂಗುಟ್ಟುವವಳು ಅವಳೇ. ಹ್ಞೂಂ ಬೀಳದೆ ಕತೆ ಮುಂದೆ ಹೋಗುವಂತಿಲ್ಲ. ಅದು ಆ ಊರಿನ ಎಲ್ಲ ಗದ್ದೆಗಳ ರೂಢಿ.

“ಅನ್ನಂಗಿಲ್ಲ. ಯಾಕ ಸತ್ತಿತು?”

“ಹಿಮ ಬಿತ್ತು. ಹುಡುಗ ರಾತ್ರಿ ಉಳಿದಿದ್ನಲ್ಲ, ಆ ಮುದುಕಿ ಮನಿ ಹೊರಗ ಕಟ್ಟಿದ್ರು. ಚಳಿಗೆ ಸತ್ತಿತು.”

“ಹೊರಗ ಯಾಕ ಕಟ್ಟಿದ್ರು? ಮನಿಯೊಳಗ ಕಟ್ಟಾಕ ಏನಾಗಿತ್ತು ಧಾಡಿ?”

“ಆ ದೇಶದಾಗ ಮನಿಯೊಳಗ ಕುದ್ರಿ ಕಟ್ಟಂಗಿಲ್ಲ!”

“ಎಂಥಾ ಮಂದಿಬೇ ಅವ್ರು! ನಮ್ಮ ಎತ್ತು ಎಲ್ಲಿ ಮಲಗ್ತಾವು? ಇತ್ತಾಗ ನಾನು, ಅತ್ತಾಗ ಅವು. ನಡುವ ಒಂದು ಗ್ವಾಡಿ ಸೈತ ಇಲ್ಲ. ಯಂಕ್ಯಾ ಶಾಣ್ಯಾ ಹುಡುಗ. ಅಂವ ಹೊರಗ ಕಟ್ಟಂಗಿಲ್ಲ.”

“ಯಂಕ್ಯಾ ಅಲ್ಲ, ಯೋಹಾನ್! ಎಷ್ಟು ಸಲ ಹೇಳ್ಬೇಕು? ನಾ ಹೇಳಿದ್ದಲ್ಲ, ಪುಸ್ತಕದಾಗ ಐತಿ. ಪ್ರಿಂಟ್ ಆಗೈತಿ!”

ಅವಳು ಪುಸ್ತಕದ ಮೊದಲ ಹಾಳೆ ತೆಗೆದು ಎತ್ತಿ ಹಿಡಿದಳು. ಅಲ್ಲಿ ಬಿಳಿ ಟೋಪಿ ಹಾಕಿದ ಒಬ್ಬ ಅಜ್ಜಿಯ ಚಿತ್ರವಿತ್ತು. “ಈಕಿ ಬರದಿದ್ದು. ಭಾಳ ದೊಡ್ಡಾಕಿ. ಎಷ್ಟೋ ದೇಶದ ಹುಡುಗ್ರು ಓದ್ಯಾರಂತ. ಈಕಿ ಸತ್ತು ನೂರು ವರ್ಷ ಆತಂತ, ನಮ್ಮ ಸರ್ ಹೇಳ್ಯಾರ.”

“ಸತ್ತಾಕಿನ್ನ ಕೇಳಾಕ ಆಗೂದಿಲ್ಲ,” ಎಂದಳು ದುರುಗವ್ವ. “ನೀ ಅದೀಯಲ್ಲ. ನೀನ ಬದುಕ್ಸು.”

“ಹೇಳವ್ವ ಬದುಕೈತಿ ಅಂತ,” ಎಂದು ಸಾಲಿನ ಕೊನೆಯಿಂದ ಅವಳ ಅವ್ವ ಮುದಕಮ್ಮ ಗೋಗರೆದಳು. “ಕೈ ನಿಂತ್ರ ಸಾವ್ಕಾರ ಬೈತಾನ.”

ಯಮನೂರಮ್ಮ ಹಲ್ಲು ಕಚ್ಚಿದಳು. “ಆತು. ಸತ್ತಿಲ್ಲ. ಮುದುಕಿ ಅದನ್ನ ಒಳಗ ಕರ್ಕೊಂಡು ಒಲಿ ಹಂತ್ಯಾಕ ಕಟ್ಟಿದಳು. ಸಾಕಾ?”

“ಹ್ಞೂಂ!” ಎಂದಿತು ಇಡೀ ಸಾಲು. ಕೈಗಳು ಮತ್ತೆ ಓಡತೊಡಗಿದವು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಮರುದಿನದಿಂದ ಅದೇ ಕಾಟ. “ಕುದ್ರಿಗೆ ಮೇವು ಹಾಕಿದ್ನ ಯಂಕ್ಯಾ?” “ಕಾಲು ಕುಂಟ್ತಿತ್ತಲ್ಲ, ಎಣ್ಣಿ ತಿಕ್ಕಿದ್ನ?” ಪುಸ್ತಕದಲ್ಲಿ ಸತ್ತುಹೋಗಿ, ಇಲ್ಲಿ ಒಲೆಯ ಬಳಿ ಬದುಕಿದ ಕುದುರೆಗೆ ಯಮನೂರಮ್ಮ ದಿನಾ ನೀರು ಕುಡಿಸಬೇಕಾಯಿತು. ಯೋಹಾನ್ ಅಕ್ಕನನ್ನು ಹುಡುಕುತ್ತ ಬಂದರಿಗೆ ಹೋದಾಗ ಕುದುರೆಯೂ ಹೋಗಬೇಕಾಯಿತು. ಕೊನೆಗೆ ಅದನ್ನು ಹಡಗಿಗೂ ಹತ್ತಿಸಬೇಕಾಯಿತು. ಹಡಗಿನಲ್ಲಿ ಅದನ್ನು ಎಲ್ಲಿ ನಿಲ್ಲಿಸಬೇಕು ಅಂತ ಅವಳಿಗೆ ನಿಜಕ್ಕೂ ತಲೆ ಕೆಟ್ಟುಹೋಯಿತು.

ಅವಳ ಚಿಂತೆ ಶನಿವಾರದ್ದು. ಬಾಬಾಸಾಬ ಮಾಸ್ತರರು ರಾಯಚೂರಿನಿಂದ ಹೊಸ ಪುಸ್ತಕವೊಂದನ್ನು ತಂದಿದ್ದರು. ಸಮುದ್ರದ ಕತೆ, ಹೊದಿಕೆಯ ಮೇಲೆ ಬಣ್ಣದ ಹಡಗು. “ಶನಿವಾರ ಯಮನೂರಮ್ಮ ಎಲ್ಲರ ಮುಂದ ಕತಿ ಹೇಳ್ತಾಳ. ಪುಸ್ತಕದಾಗ ಇದ್ದಂಗ ಹೇಳಿದ್ರ ಹೊಸಾದು ಆಕಿಗೆ. ಇಲ್ಲಾಂದ್ರ ಗವಿಸಿದ್ದಪ್ಪಗ,” ಎಂದಿದ್ದರು. ಗವಿಸಿದ್ದಪ್ಪ ದುರುಗವ್ವನ ಮೊಮ್ಮಗ. ಯೋಹಾನನ ಪುಸ್ತಕವನ್ನು ಅವಳಿಗಿಂತ ಮೊದಲೇ ಓದಿ ಮುಗಿಸಿದವನು. ಹೊಸ ಪುಸ್ತಕ ತನ್ನದೇ ಎಂಬಂತೆ ಅವನು ಆಗಲೇ ರಟ್ಟು ಹಾಕಲು ಕಾಗದ ತಂದಿಟ್ಟಿದ್ದ.

ಶನಿವಾರ ಬಂತು. ಮಾಸ್ತರರು ಹಳೆಯ ಪುಸ್ತಕವನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡು ಕೂತರು. ಯಮನೂರಮ್ಮ ಶುರು ಮಾಡಿದಳು. ಯೋಹಾನ್ ಚಿಕ್ಕಪ್ಪನ ಮನೆ ಬಿಟ್ಟ. ಕುಂಟು ಕುದುರೆ ಹತ್ತಿದ. ದಾರಿ ತಪ್ಪಿದ. ಹಿಮ ಸುರಿಯಿತು. ಸಣ್ಣ ಕ್ಲಾಸಿನ ಮಕ್ಕಳು ಬಾಯಿ ಬಿಟ್ಟುಕೊಂಡು ಕೂತಿದ್ದರು.

“ಮುದುಕಿ ಬಾಗಲಾ ತಗದಳು. ‘ಒಳಗ ಬಾಪ್ಪಾ’ ಅಂದಳು. ‘ಕುದ್ರೀನೂ ಕರ್ಕೊಂಡು ಬಾ, ಒಲಿ ಹಂತ್ಯಾಕ ಕಟ್ಟು’ ಅಂದಳು.”

ಗವಿಸಿದ್ದಪ್ಪ ಚೆಂಡಿನಂತೆ ಪುಟಿದು ನಿಂತ. “ಸರ್! ಸುಳ್ಳರಿ ಸರ್! ಕುದ್ರಿ ಸತ್ತೈತ್ರಿ! ನಾ ಓದೀನ್ರಿ!”

“ಸುಮ್ನ ಕುಂದ್ರಲೇ!” ಎಂದರು ಸಣ್ಣ ಮಕ್ಕಳು.

ಯಮನೂರಮ್ಮ ಬೇಕೆಂದು ಹೇಳಿರಲಿಲ್ಲ. ಎತ್ತು ತಾನಾಗಿ ಮನೆ ದಾರಿ ಹಿಡಿಯುವಂತೆ ಬಾಯಿ ತಾನಾಗಿ ಆ ಕಡೆ ಹೋಗಿತ್ತು.

ಮಾಸ್ತರರು ಹಾಳೆ ಮುಂದೆ ತಿರುವಿದರು, ಹಿಂದೆ ತಿರುವಿದರು. “ಒಲಿ ಹಂತ್ಯಾಕ ಕುದ್ರಿ ಕಟ್ಟಿದ್ದು ಯಾವ ಪೇಜಿನಾಗ ಐತಿ?”

“ಪೇಜಿನಾಗ ಇಲ್ರಿ ಸರ್,” ಎಂದಳು ಅವಳು. “ದುರುಗವ್ವಾಯಿ ಹಂತ್ಯಾಕ ಐತ್ರಿ.”

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಹೊಸ ಪುಸ್ತಕ ಗವಿಸಿದ್ದಪ್ಪನ ಕೈ ಸೇರಿತು. ಅವನು ಎಲ್ಲರ ಎದುರು ಅದನ್ನು ಮೂಸಿ ನೋಡಿದ. ಹಳೆಯದನ್ನು ಸೋಮವಾರ ಶಾಲೆಯ ಪುಸ್ತಕದ ಟ್ರಂಕಿನಲ್ಲಿ ಇಡು ಎಂದು ಮಾಸ್ತರರು ಅವಳಿಗೆ ಕೊಟ್ಟರು.

ಭಾನುವಾರ ಗದ್ದೆಯ ಬದುವಿನ ಮೇಲೆ ಯಮನೂರಮ್ಮ ಹೆಂಗಸರಿಗೆ ಬೆನ್ನು ಮಾಡಿ ಕೂತಳು.

“ಯಾಕಬೇ, ಯಂಕ್ಯಾನ ಅಕ್ಕ ಸಿಕ್ಕಳಾ?” ಎಂದಳು ದುರುಗವ್ವ.

“ನನ್ನ ಮಾತಾಡಸಬ್ಯಾಡ್ರಿ! ನಿಮ್ಮಿಂದ ನನ್ನ ಬುಕ್ಕು ಹೋತು. ಕುದ್ರಿ ಸತ್ತೈತಿ. ಅವತ್ತ ಸತ್ತೈತಿ. ಈಗ ಓದ್ತೀನಿ, ಕಿವಿಗೊಟ್ಟು ಕೇಳ್ರಿ!”

ಅವಳು ಪುಸ್ತಕ ತೆರೆದು ಗಟ್ಟಿಯಾಗಿ ಓದಿದಳು. “‘ಮುದುಕಿ ಯೋಹಾನನನ್ನು ಒಲೆಯ ಬಳಿ ಕೂಡಿಸಿದಳು. ಹೆಗಲಿಗೆ ಕಂಬಳಿ ಹೊದಿಸಿದಳು. ಬಿಸಿ ಹೋಳಿಗೆಯ ಮೇಲೆ ತುಪ್ಪ ಸುರಿದು ಕೊಟ್ಟಳು. ಬೆಳಿಗ್ಗೆ ಎದ್ದು ನೋಡಿದರೆ…’”

“ತಡಿಬೇ,” ಎಂದಳು ದುರುಗವ್ವ. “ಆ ದೇಶದಾಗೂ ಹೋಳಿಗಿ ಮಾಡ್ತಾರ?”

“ಮಾಡ್ತಾರ, ಮಾಡ್ದ…” ಯಮನೂರಮ್ಮನ ಮಾತು ಅಲ್ಲೇ ನಿಂತಿತು.

ಈ ಪುಟವನ್ನು ಅವಳು ಎಷ್ಟೋ ಸಲ ಓದಿದ್ದಳು. ಹೋಳಿಗೆ ಕಣ್ಣಿಗೆ ಬಿದ್ದಿರಲೇ ಇಲ್ಲ. ಮೊಣಕಾಲ ಮಟ್ಟ ಹಿಮ ಬೀಳುವ ಊರಲ್ಲಿ ಕಡಲೆ ಬೆಳೆದವರು ಯಾರು? ಹೂರಣ ರುಬ್ಬಿದವರು ಯಾರು? ಅವಳು ಮೊದಲ ಹಾಳೆಗೆ ತಿರುಗಿದಳು. ಬಿಳಿ ಟೋಪಿಯ ಅಜ್ಜಿ ಹೂರಣ ರುಬ್ಬಿದವಳಂತೆ ಕಾಣಲಿಲ್ಲ.

ಚಿತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ‘ಕನ್ನಡಕ್ಕೆ ತಂದವರು’ ಎಂದಿತ್ತು. ಮುಂದೊಂದು ಹೆಸರು. ಇಷ್ಟು ದಿನ ಅವಳು ಅದನ್ನು ಓದಿಯೇ ಇರಲಿಲ್ಲ.

ಮುದುಕಿ ಒಣ ಬ್ರೆಡ್ಡು ಕೊಟ್ಟಳು ಅಂತ ಇದ್ದದ್ದನ್ನೇ ಹೇಳಿದಾಗ ಕನ್ನಡಕ್ಕೆ ತಂದವರ ಮನೆಯಲ್ಲೂ ಯಾರೂ ಹ್ಞೂಂ ಅಂದಿರಲಿಕ್ಕಿಲ್ಲ.

“ಮುಂದ ಓದು. ಬೆಳಿಗ್ಗಿ ಎದ್ದು ನೋಡಿದ್ರ?”

ಯಮನೂರಮ್ಮ ಪುಸ್ತಕ ಮುಚ್ಚಿದಳು. “ಬೆಳಿಗ್ಗಿ ಎದ್ದು ನೋಡಿದ್ರ, ಕುದ್ರಿ ಒಲಿ ಹಂತ್ಯಾಕ ನಿಂತಿತ್ತು.”

“ಹ್ಞೂಂ!”

ಅಷ್ಟರಲ್ಲಿ ಗವಿಸಿದ್ದಪ್ಪ ಅಜ್ಜಿಗೆ ರೊಟ್ಟಿ ಬುತ್ತಿ ತಂದ. ಕಂಕುಳಲ್ಲಿ ಹೊಸ ಪುಸ್ತಕವಿತ್ತು. ಅದನ್ನು ತಂದದ್ದು ಯಮನೂರಮ್ಮನಿಗೆ ತೋರಿಸಲು. ಆದರೆ ಮೊದಲು ನೋಡಿದವಳು ದುರುಗವ್ವ.

“ಏನ್ಲೇ ಅದು? ಹೇಳು ಕೇಳೂಣು.”

“ಹೇಳ್ತೀನಿ. ಆದ್ರ ನಡುವ ಬಾಯಿ ಹಾಕಬಾರ್ದು, ಆಯಿ. ಇದು ಫಸ್ಟ್ ಕ್ಲಾಸ್ ಸ್ಟೋರಿ,” ಎಂದು ಅವನು ಎದೆಯುಬ್ಬಿಸಿ ಬದುವಿನ ಮೇಲೆ ನಿಂತ. ಹಡಗು ಹೊರಟಿತು. ಬಿರುಗಾಳಿ ಬಂತು. ಹ್ಞೂಂಗಳು ಒಂದರ ಹಿಂದೆ ಒಂದು ಬಿದ್ದವು. “ಆಮ್ಯಾಲೆ ಕ್ಯಾಪ್ಟನ್ ತನ್ನ ನಾಯೀನ ದ್ವೀಪದಾಗ ಬಿಟ್ಟು ಹೋದ.”

ಕೈಗಳು ನಿಂತವು.

“ಬಿಟ್ಟು ಯಾಕ ಹೋದ? ಉಂಡ ಮನಿ ನಾಯಿ ಅಲ್ಲೇನ್ಲೇ ಅದು?”

“ಬರದಿದ್ದ ಹಂಗ ಐತಿ, ಆಯಿ! ಪ್ರಿಂಟ್ ಆಗೈತಿ! ನೋಡ ಇಲ್ಲಿ!” ಅವನು ಪುಸ್ತಕ ಎತ್ತಿ ಹಿಡಿದ. ಯಾರೂ ನೋಡಲಿಲ್ಲ. ಅಳುವ ದನಿಯಲ್ಲಿ ಯಮನೂರಮ್ಮನ ಕಡೆ ತಿರುಗಿದ. “ನೀನಾರ ಹೇಳಬೇ ಇವರಿಗೆ. ನೀನಾರ ಒಂದು ಹ್ಞೂಂ ಅನ್ನು.”

ಬಗ್ಗಿದ ಹೆಂಗಸರು ತಲೆಯೆತ್ತಿ ಅವಳನ್ನೇ ನೋಡುತ್ತಿದ್ದರು. ಅವರ ಕೈಯ ಸಸಿಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

ಯಮನೂರಮ್ಮ ತಮ್ಮನನ್ನು ಒಂದು ತೊಡೆಯಿಂದ ಇನ್ನೊಂದು ತೊಡೆಗೆ ಹಾಕಿಕೊಂಡಳು. ಗವಿಸಿದ್ದಪ್ಪನ ಮುಖ ನೋಡಿದಳು.

ಹ್ಞೂಂ ಅನ್ನಲಿಲ್ಲ.