ಮೀನಿನ ಹಣೆಗೆ ವಿಭೂತಿ

ಒಂಬತ್ತು ವರ್ಷ ಆ ಮೀನಿಗೆ ಬಸಳೆ ಸೊಪ್ಪು ತಿನ್ನಿಸಿದ್ದು, ನೀರು ಬದಲಿಸಿದ್ದು, ಗಾಜಿನ ಪಾಚಿ ತಿಕ್ಕಿದ್ದು ಎಲ್ಲ ಪಕ್ಕದ ಮನೆಯ ಕೊಟ್ರೇಶ. ಮೀನು ಮಾತ್ರ ಉಜ್ಜಪ್ಪ ಮೇಷ್ಟ್ರದ್ದು.

ಮದ್ರಾಸಿನಿಂದ ಬೆರಳುದ್ದ ಇದ್ದಾಗ ಬಂದ ಗೌರಾಮಿ ಜಾತಿಯ ಆ ಮೀನು ಈಗ ಮೊಳದುದ್ದವಾಗಿತ್ತು. ಅಂಥದ್ದು ಶಿಕಾರಿಪುರದಲ್ಲಿ ಇನ್ನೊಂದಿರಲಿಲ್ಲ. ಸೊಪ್ಪನ್ನೇ ಮೇಯುತ್ತಿದ್ದುದರಿಂದ ಓಣಿಯವರು ಅದನ್ನು 'ಲಿಂಗವಂತರ ಮೀನು' ಎಂದು ನಗುತ್ತಿದ್ದರು.

"ಸೊರಬದ ಅಳಿಯ ದೊಡ್ಡ ಗಾಜಿನ ತೊಟ್ಟಿ ಮಾಡ್ಸ್ಯಾನೆ. ಅವನಿಗೇ ಕೊಡೋಣ ಅಂತೀನಪ್ಪ," ಎಂದರು ಮೇಷ್ಟ್ರು. "ನಿಂಗೂ ಚಾಕರಿ ತಪ್ಪಿತು."

ಚಾಕರಿ! ಆ ಮಾತು ಕೊಟ್ರೇಶನ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

ತೊಟ್ಟಿ ನೋಡಲು ಮೇಷ್ಟ್ರು ಸೊರಬಕ್ಕೆ ಹೋದರು. ಮನೆಯ ಕೀಲಿ ಎಂದಿನಂತೆ ಕೊಟ್ರೇಶನ ಕೈಗೆ ಬಂತು. ಅವನು ಮೀನನ್ನು ದೊಡ್ಡ ಬಕೆಟ್ಟಿನಲ್ಲಿ ಹೊತ್ತು ತನ್ನ ಸೈಕಲ್ ಅಂಗಡಿಯ ಹಿಂದಿನ ಸಿಮೆಂಟ್ ತೊಟ್ಟಿಗೆ ಬಿಟ್ಟು, ಹಲಗೆ ಮುಚ್ಚಿದ. ಇನ್ನು ಬೇಕಾದದ್ದು ಒಂದು ಹೆಣ. ಸತ್ತಿತು, ಹೂತೆ ಎಂದು ಬರಿಗುಂಡಿ ತೋರಿಸಿದರೆ ಮೇಷ್ಟ್ರು ನಂಬುವವರಲ್ಲ. ಬಟ್ಟೆ ಸುತ್ತಿದ ಹೆಣ ಕಂಡರೆ ಬಿಚ್ಚಿ ನೋಡುವಷ್ಟು ಗಟ್ಟಿಗರೂ ಅಲ್ಲ.

ಸಂತೆಯ ಮೀನಿನ ಸಾಲಿಗೆ ಅವನ ಮನೆತನದಲ್ಲಿ ಯಾರೂ ಕಾಲಿಟ್ಟಿರಲಿಲ್ಲ. ಮೊಳದುದ್ದದ್ದು ಒಂದು ಎಂದು ಹೇಳಿ, ಮೂಗಿಗೆ ಟವೆಲ್ ಒತ್ತಿ, ಬೆನ್ನು ತಿರುಗಿಸಿ ನಿಂತ. ಅಂಗಿಯೊಳಗಿನ ಲಿಂಗ ಎದೆಗೆ ತಣ್ಣಗೆ ತಾಗುತ್ತಿತ್ತು. ಕದ್ದದ್ದು ಊರಿಗೆ ಕಾಣದು; ಇದಕ್ಕೆ ಕಾಣದೇ? ಸಂತೆಯ ಸದ್ದು ಕಿವಿಗೆ ಬೀಳದಂತೆ ಮನಸ್ಸಿನಲ್ಲೇ ಪಂಚಾಕ್ಷರಿ ಜಪಿಸಿದ.

ಮೀನಿನವಳು ತೇಗದೆಲೆಯಲ್ಲಿ ಬಿಗಿದ ಉದ್ದನೆಯ ಕಟ್ಟನ್ನು ಚೀಲಕ್ಕೆ ಇಳಿಸಿದಳು. "ಎಲ್ಲಾ ಸರಿ ಮಾಡಿ ಕೊಟ್ಟೀನಿ ನೋಡ್ರಿ ಯಜಮಾನ್ರೇ. ಮನೇಲಿ ಅಮ್ಮಾರಿಗೆ ಏನೂ ತ್ರಾಸಿಲ್ಲ."

ಕಟ್ಟು ಬಿಚ್ಚದೆ, ಕಣ್ಣು ಅರೆಮುಚ್ಚಿ, ಅದರ ಮೇಲೇ ಬಿಳಿ ಪಂಚೆ ಸುತ್ತಿದ. ಎಸ್‌ಟಿಡಿ ಬೂತಿನಿಂದ ಸೊರಬಕ್ಕೆ ಫೋನು ಮಾಡಿದ: "ಮೀನು ಹೋಗಿಬಿಡ್ತ್ರೀ ಮೇಷ್ಟ್ರೇ."

ಮುಂದಿನ ಬಸ್ಸಿಗೇ ಬಂದ ಮೇಷ್ಟ್ರು ಹಿತ್ತಲಲ್ಲಿ ಕೊಟ್ರೇಶ ತೋಡಿಟ್ಟಿದ್ದ ಗುಂಡಿಯ ಮುಂದೆ ಕುಸಿದು ಕೂತರು. "ನಿನ್ನ ಕೈಯಾಗೇ ಬೆಳೀತು, ನಿನ್ನ ಕೈಯಾಗೇ ಹೋತು. ನೀನು ಕಣೋ ಅದಕ್ಕೆ ತಾಯಿ."

ತಪ್ಪಾಯಿತು ಎಂಬ ಮಾತು ಕೊಟ್ರೇಶನ ನಾಲಿಗೆಯ ತುದಿಗೆ ಬಂತು. ಬದಲಿಗೆ ಸಲಿಕೆ ಕೈಗೆತ್ತಿಕೊಂಡ.

"ಹಂಗೇ ಮಣ್ಣಿಗಿಡಬಾರದು, ಹಣೆಗೆ ವಿಭೂತಿ ಹಚ್ಚಿ ಕಳಿಸೋಣ," ಎಂದವರೇ ಮೇಷ್ಟ್ರು ಪಂಚೆ ಸರಿಸಿ ತೇಗದೆಲೆ ಬಿಡಿಸಿದರು. ಒಳಗೆ ಹುರುಪೆ ಕೆರೆದು, ಹೊಟ್ಟೆ ತೊಳೆದು, ಎರಡೆರಡು ಬೆರಳಗಲಕ್ಕೆ ಕೊಯ್ದ ತುಂಡುಗಳು ಸಾಲಾಗಿ, ಸಾರಿಗೆ ಸಿದ್ಧವಾಗಿ ಮಲಗಿದ್ದವು. ಬೆರಳಲ್ಲಿ ವಿಭೂತಿ ಹಿಡಿದೇ ಮೇಷ್ಟ್ರು ಹಣೆ ಎಲ್ಲಿದೆಯೆಂದು ಒಂದಿಷ್ಟು ಹೊತ್ತು ಹುಡುಕಿದರು. ಆಮೇಲೆ ನಿಧಾನವಾಗಿ ತಲೆಯೆತ್ತಿ, ಕೊಟ್ರೇಶನ ಬಾಯಿಯನ್ನೇ ನೋಡತೊಡಗಿದರು.