ಹಿಡಿಕೆಯಿಲ್ಲದ ಬಾಗಿಲು

ಗಾಳಿಯ ವೇಗ ಮಿತಿ ದಾಟಿದ್ದೇ ತಡ, ಕಡಲತಡಿಯ ಊರು ಕೋಡಿಮರಳಿನ ಆಶ್ರಯಗೃಹದ ಉಕ್ಕಿನ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಇನ್ನು ಚಂಡಮಾರುತ ಪೂರ್ತಿ ಕಳೆಯುವವರೆಗೆ, ಯಾರು ಗೋಗರೆದರೂ ಅದು ತೆರೆಯದು. 2068ರ ಆ ಮೇ ತಿಂಗಳಲ್ಲಿ, ಬಾಗಿಲನ್ನು ರೂಪಿಸಿದ ವಿಜ್ಞಾನಿ ಧೃತಿಯೂ ಊರವರೊಂದಿಗೆ ಒಳಗಿದ್ದಳು. ಅದಕ್ಕೆ ಹಿಡಿಕೆ ಬೇಡವೆಂದು ಹಟ ಹಿಡಿದವಳು ಅವಳೇ. ಹಿಂದಿನ ಚಂಡಮಾರುತದಲ್ಲಿ ಗಾಳಿ ನಡುವೆ ನಿಂತಾಗ, ಎಲ್ಲ ಮುಗಿಯಿತೆಂದು ಗಂಡಸರು ಬಾಗಿಲು ತೆಗೆದು ದೋಣಿ ಎಳೆಯಲು ಓಡಿದ್ದರು. ಅವಳ ಅಪ್ಪನೂ ಸೇರಿ ಒಬ್ಬರೂ ಹಿಂದಿರುಗಲಿಲ್ಲ.

ಮಧ್ಯಾಹ್ನ ಗಾಳಿ ಗಕ್ಕನೆ ನಿಂತಿತು. ಆಗ ಹೊರಗಿನಿಂದ ಯಾರೋ ಬಾಗಿಲು ಬಡಿದರು.

"ಅಕ್ಕಾ, ನಾನ್! ಬಾಗಿಲ್ ತೆಗಿ!"

ಅವಳ ತಮ್ಮ ರಿತೇಶ. ದೋಣಿಯನ್ನು ಕಟ್ಟಿಹಾಕುತ್ತ ಹಿಂದುಳಿದವನು ಬಲೆ ಇಡುವ ಕೊಟ್ಟಿಗೆಯಲ್ಲಿ ಅಡಗಿದ್ದ. ಈಗ ಅದರ ಸೂರೂ ಹಾರಿಹೋಗಿತ್ತು.

ಊರೆಲ್ಲ ಸೇರಿ ದಡಕ್ಕೆಳೆಯುವ ರಂಪಣಿ ಬಲೆಯ ತಂಡಕ್ಕೆ ಸಂದೇಶಯ್ಯ ಹಿರಿಯ. ನೀರಿಗಿಳಿದ ಕೊನೆಯವನು ಮರಳುವ ತನಕ ಹಗ್ಗ ಬಿಡಬಾರದೆಂಬುದು ಆ ತಂಡದ ಕಟ್ಟಳೆ. ಅವರು ಹಾರೆ ಹಿಡಿದು ಎದ್ದರು. "ಒಬ್ಬ ನೀರಂಗೆ ಇಪ್ಪೂತನ್ಕ ದಡದರ್ ಹಗ್ಗ ಬಿಡುಕಾಗ. ತೆಗಿ ಧೃತಿ."

"ತೆಗೂಕೆ ಬತ್ತಿಲ್ಲೆ ಚಿಕ್ಕಯ್ಯ. ನನ್ಗೂ ಬತ್ತಿಲ್ಲೆ."

ರಿತೇಶನ ಮಗಳು ಇಂಚರ ಅವಳ ಕೈ ಜಗ್ಗಿದಳು. "ಅತ್ತೆ, ಗಾಳಿ ನಿಂತಿತ್ತಲೆ?"

"ನಿಂತಿಲ್ಲೆ ಮಗಾ. ಚಂಡಮಾರುತ ಅಂದ್ರೆ ಸುತ್ತುವ ಗಾಳಿ. ಮಜ್ಜಿಗೆ ಕಡೆವಾಗ ನಡುವೆ ಗುಳಿ ಬೀಳತ್ತಲ್ದಾ, ಹಾಂಗೇ ಅದ್ರ ನಡುವೆ ಒಂದ್ ಕಣ್ಣ್ ಇತ್ತ್. ಅಲ್ಲ್ ಗಾಳಿ ಇಲ್ಲೆ. ಆ ಕಣ್ಣೀಗ ನಮ್ ಮೇಲಿತ್ತ್. ಅದ್ ದಾಟ್ರೆ ಆಚಿ ಬದಿ ಗಾಳಿ ಎದುರು ದಿಕ್ಕಿಂದ ಬತ್ತ್, ಸಮುದ್ರನೂ ಎಳ್ಕಂಡ್."

"ಹಾಂಗಾರೆ ಅಪ್ಪಯ್ಯ ಒಳಗ್ ಬಪ್ಪುಕೆ ಇದೇ ಹೊತ್ತಲ್ದಾ?"

ಬಾಗಿಲು ರೂಪಿಸುವಾಗ ಹೊರಗೆ ಓಡುವವರನ್ನು ತಡೆಯುವುದೊಂದೇ ಧೃತಿಯ ತಲೆಯಲ್ಲಿತ್ತು. ಒಳಗೆ ಬರಬೇಕಾದವನೊಬ್ಬ ಇರಬಹುದೆಂದು ಹೊಳೆದಿರಲೇ ಇಲ್ಲ. ಸಂದೇಶಯ್ಯನೊಂದಿಗೆ ಗಂಡಸರೆಲ್ಲ ಬಾಗಿಲು ಮೀಟಿದರು. ಹಾರೆಗಳು ಡೊಂಕಾದವೇ ಹೊರತು ಉಕ್ಕು ಜಗ್ಗಲಿಲ್ಲ.

"ರಿತೇಶಾ, ನೀರಿನ ಟ್ಯಾಂಕ್ ಹತ್ತ್! ಬೇಗ!" ಎಂದು ಅವಳು ಕಿರುಚಿದಳು. ಅವನು ಏನೋ ಹೇಳಿದ. ಅಷ್ಟರಲ್ಲಿ ಎರಡನೆಯ ಗಾಳಿ ಬಂದು ಗೋಡೆಗೆ ಅಪ್ಪಳಿಸಿತು.

ಸಂಜೆ ಬಾಗಿಲು ತಾನಾಗಿ ತೆರೆಯಿತು. ಒಳಗಿದ್ದವರೆಲ್ಲ ಜೀವಂತವಾಗಿ ಹೊರಬಂದರು. ಹೊರಗೆ ನೀರಿನ ಟ್ಯಾಂಕಿನ ಕಂಬಗಳೂ ಉಳಿದಿರಲಿಲ್ಲ. ರಿತೇಶ ಸಿಗಲಿಲ್ಲ. ಇಂಚರಳನ್ನು ತಬ್ಬಿಕೊಂಡು ಧೃತಿ ಬಿಕ್ಕಿಬಿಕ್ಕಿ ಅತ್ತಳು.

ಮಳೆಗಾಲ ಕಳೆದ ಮೇಲೆ ಪಕ್ಕದ ಊರಿನವರು ಅಂಥದೇ ಬಾಗಿಲು ಕೇಳಿ ಬಂದರು. ಧೃತಿ ಹೊಸ ನಕ್ಷೆ ಬಿಡಿಸಿಟ್ಟಳು. ಅದರಲ್ಲಿ ಹಿಡಿಕೆಯಿತ್ತು.

"ಕಣ್ಣ್ ಮೇಲಿಪ್ಪ ಹೊತ್ತಿಗೆ ಈ ಹಿಡಿಕೆ ಹತ್ರ ಒಬ್ರ್ ನಿಲ್ಕ್. ಹೊರಗ್ ಓಡೂರನ್ನ ಬಿಡುಕಾಗ, ಬಾಗಿಲ್ ಬಡ್ದರನ್ನ ಬಿಟ್ ಹಾಕೂಕಾಗ. ಅದ್ ಯಾರಂತ ಈಗ್ಳೇ ಹೇಳಿ, ಆಕಾಶ ತಿಳಿ ಇಪ್ಪ ಹೊತ್ತಿಗೇ."

ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊರಗೆ ಒಳ್ಳೆಯ ಬಿಸಿಲಿತ್ತು. ಒಬ್ಬರು ನಕ್ಷೆಯನ್ನು ಪಕ್ಕದವರತ್ತ ಸರಿಸಿದರು, ಅವರು ಇನ್ನೊಬ್ಬರತ್ತ.