ಗೂಡಿನ ವಾಸನೆ ಮತ್ತು ಎರಡನೇ ಟರ್ಮಿನಲ್

ದಿಲ್ಶಾದ್ ಹತ್ತಿರ ಬರುತ್ತಿದ್ದಂತೆ ಸಮದ್ ಕಾರಿನ ಬಾಗಿಲು ತೆಗೆದ. ತೆಗೆದವನೇ ಕರ್ಚೀಫಿನಿಂದ ಮೂಗು ಮುಚ್ಚಿಕೊಂಡ.

ಅವಳ ಕಾಲು ಅಲ್ಲೇ ನಿಂತಿತು.

ಇವನೂ ಅಷ್ಟೇನಾ...

ದಿಲ್ಶಾದ್ ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವವರ ಮಗಳು. ಬೇಯಿಸಿದ ಗೂಡಿನ, ಒಳಗೆ ಸತ್ತ ಹುಳುವಿನ ನಾತ ಎಷ್ಟು ನಿಂಬೆಹಣ್ಣು ಉಜ್ಜಿದರೂ ಅವಳ ಕೈಯಿಂದ ಹೋಗುತ್ತಿರಲಿಲ್ಲವಂತೆ. 'ಅಂತೆ', ಏಕೆಂದರೆ ಅವಳಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಹುಟ್ಟಿದಾಗಿನಿಂದ ಆ ಹಬೆಯಲ್ಲೇ ಬೆಳೆದ ಮೂಗು ಸತ್ತುಹೋಗಿತ್ತು.

ಹೆಣ್ಣು ನೋಡಲು ಬಂದವರ ಮೂಗು ಮಾತ್ರ ಚೆನ್ನಾಗಿತ್ತು. ಒಬ್ಬ ಮಹಾತಾಯಿ ಅವಳ ಕೈ ಹಿಡಿದು ಮೂಸಿ, ಮುಖ ಕಿವುಚಿ, ಕೊಟ್ಟ ಶರಬತ್ತನ್ನೂ ಮುಟ್ಟದೆ ಎದ್ದುಹೋಗಿದ್ದಳು. ತಾನು ಉಟ್ಟಿದ್ದ ರೇಷ್ಮೆ ಸೀರೆ ಮಾತ್ರ ಆಯಮ್ಮನಿಗೆ ನಾರಿರಲಿಲ್ಲ.

ಚನ್ನಪಟ್ಟಣದ ಸಮದ್ ಹಾಗಲ್ಲ ಅಂದುಕೊಂಡಿದ್ದಳು. ದಾದಿಯನ್ನು, ಅಂದರೆ ಅಪ್ಪನ ತಾಯಿ ಗುಲ್ಜಾರ್ ಬೀಯನ್ನು, ಮಕ್ಕಾಕ್ಕೆ ಉಮ್ರಾ ಯಾತ್ರೆಗೆ ಕಳಿಸುವಾಗ ವಿಮಾನ ನಿಲ್ದಾಣಕ್ಕೆ ಬಾಡಿಗೆ ಕಾರು ಓಡಿಸಿದವನು ಅವನೇ. ಅಂದು ಕನ್ನಡಿಯಲ್ಲಿ ಕಣ್ಣಿಗೆ ಕಣ್ಣು ಸಿಕ್ಕಾಗ ಮೆಲ್ಲಗೆ ನಕ್ಕಿದ್ದ. ಆ ನಗುವನ್ನು ನೆನೆದುಕೊಂಡೇ ಇಷ್ಟು ದಿನ ಗೂಡು ಬೇಯಿಸಿದ್ದಳು. ಇಂದು ದಾದಿ ವಾಪಸು ಬರುವ ದಿನ. ಅಪ್ಪ ಖಾಸಿಂ ಒಲೆ ಬಿಟ್ಟು ಬರಲಾಗದು ಎಂದಾಗ, "ನಾನೇ ಹೋಗ್ತೀನಿ" ಎಂದು ಓಡಿಬಂದವಳು ಅವಳೇ.

ಈಗ ಆ ಕನ್ನಡಿಯ ಕಡೆ ನೋಡದೆ ಹಿಂದಿನ ಸೀಟಿನಲ್ಲಿ ಕೂತಳು.

ಸಮದ್ ನಾಲ್ಕೂ ಕಿಟಕಿ ಇಳಿಸಿದ. ಬಿಡದಿಯಲ್ಲಿ ಕಾರು ನಿಲ್ಲಿಸಿ, ಮಲ್ಲಿಗೆ ತಂದು ಮುಂದೆ ನೇತುಹಾಕಿದ.

"ಒಸಿ ಗಾಳಿ ಆಡ್ಲಿ ಅಂತ..." ಎಂದ, ತಿರುಗಿಯೂ ನೋಡದೆ.

ದಿಲ್ಶಾದ್ ಬೇಕೆಂದೇ ದುಪಟ್ಟಾದಿಂದ ಮೂಗು ಮುಚ್ಚಿಕೊಂಡಳು. ನೀನೊಬ್ಬನೇ ಏನು ಅಸಹ್ಯಪಡುವವನು? ಕನ್ನಡಿಯಲ್ಲಿ ಅವನ ಮುಖ ಬಾಡಿದ್ದು ಕಂಡು ಅವಳಿಗೆ ಹಿತವಾಯಿತು.

"ಯಾವ ಟರ್ಮಿನಲ್ಲು? ಈಗ ಅಲ್ಲಿ ಎರಡು ಐತೆ," ಎಂದು ದೇವನಹಳ್ಳಿ ದಾರಿಯಲ್ಲಿ ಕೇಳಿದ.

"ದಾದಿ ಹೋದದ್ದು ಒಂದರಲ್ಲಿ. ಚಪ್ಪಲಿ ಬುಟ್ಟ ಬಾಗ್ಲಲ್ಲೇ ತಾನೆ ಎಲ್ರೂ ಆಚೆ ಬರೋದು?"

ಅವನು ಏನೋ ಹೇಳಲು ಬಾಯಿ ತೆರೆದ. ಅವಳ ಮೂಗಿನ ಮೇಲಿದ್ದ ದುಪಟ್ಟಾ ನೋಡಿ ಸುಮ್ಮನಾದ.

ಒಂದನೇ ಟರ್ಮಿನಲ್ಲಿನ ಬಾಗಿಲಿಂದ ಜನ ಬಂದರು, ಹೋದರು. ದಾದಿ ಬರಲಿಲ್ಲ. ಫೋನ್ ಸ್ವಿಚ್ ಆಫ್. ಓದು ಬಾರದ ಮುದುಕಿ... ಎಲ್ಲಿ ಹೋದಳೋ? ದಿಲ್ಶಾದ್ ಬಾಗಿಲ ಬಳಿಯಿದ್ದ ಸೆಕ್ಯೂರಿಟಿಯವನ ಹತ್ತಿರ ಓಡಿ, ಜಿದ್ದಾ ವಿಮಾನದಲ್ಲಿ ಬರಬೇಕಿದ್ದ ದಾದಿಯ ವಿಷಯ ಹೇಳಿದಳು.

ಅವನು ಕೇಳಿದ, "ಹೋಗೋವಾಗ ಮುಂಬೈ ಮೇಲೆ ಹೋದ್ರಾ? ಅದಕ್ಕೇ ಇಲ್ಲಿ ಹತ್ಸವ್ರೆ. ಈಗ ಜಿದ್ದಾದಿಂದ ನೇರ ಬತ್ತಾವ್ರೆ. ಹೊರದೇಶದ್ದೆಲ್ಲ ಎರಡನೇದ್ರಲ್ಲೇ ಇಳಿಯೋದು ಕಣಮ್ಮ. ನಮ್ ದೇಶದೊಳಗೆ ಓಡಾಡೋವು ಮಾತ್ರ ಕಂಪ್ನಿ ನೋಡ್ಕೊಂಡು ಒಸಿ ಇಲ್ಲಿ, ಒಸಿ ಅಲ್ಲಿ."

ದಿಲ್ಶಾದ್ ಸಮದ್‌ನತ್ತ ತಿರುಗಿದಳು. "ನಿಮಗೆ ಗೊತ್ತಿತ್ತಾ?"

"ಅನುಮಾನ ಇತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ? ಆ ನಾತಕ್ಕೆ ಬಾಯಿ ಬಿಡೋಕಾಗ್ಲಿಲ್ವಾ?"

"ಹ್ಞೂಂ," ಎಂದ ಅವನು, ನೆಲ ನೋಡುತ್ತ. "ಆ ನಾತದಿಂದ್ಲೇ ಸುಮ್ನಾಗ್ಬುಟ್ಟೆ. ತಪ್ಪಾಯ್ತು."

ಒಪ್ಪಿಕೊಂಡೇಬಿಟ್ಟನಲ್ಲ! ಇಷ್ಟು ಹೇಸಿಗೆಯ ಮನುಷ್ಯನಿಗಾಗಿಯೇ ತಾನು ಕಾಡಿಗೆ ಹಚ್ಚಿಕೊಂಡು ಬಂದದ್ದು?

ಕಾರು ತೆಗೆಯುವಷ್ಟು ತಾಳ್ಮೆ ಇಬ್ಬರಿಗೂ ಇರಲಿಲ್ಲ. ಎರಡನೇ ಟರ್ಮಿನಲ್ಲಿಗೆ ಹೊರಟಿದ್ದ ಬಸ್ಸು ಹತ್ತಿದರು. ನೂಕುನುಗ್ಗಲಲ್ಲಿ ಅವನು ಪಕ್ಕದಲ್ಲೇ ನಿಂತ. ದಿಲ್ಶಾದ್ ಎರಡೂ ಕೈಗಳನ್ನು ದುಪಟ್ಟಾದೊಳಗೆ ಬಚ್ಚಿಟ್ಟುಕೊಂಡಳು.

ಅಲ್ಲಿ ಬಾಗಿಲ ಹೊರಗೆ ಗುಲ್ಜಾರ್ ಬೀ ಸೂಟ್‌ಕೇಸಿನ ಮೇಲೆ ಕೂತಿದ್ದಳು.

"ಹೋದ ಬಾಗ್ಲು ಹುಡುಕ್ದೆ ಕಣೇ. ಅದು ಇಲ್ಲಿಲ್ಲ ಅಂದ್ರು. ಹುಡುಗಿ ಬತ್ತಾಳೆ ಅಂತ ಕುಂತ್ಕಂಡೆ."

ದಿಲ್ಶಾದ್ ಅವಳನ್ನು ತಬ್ಬಿಕೊಂಡು ಬಿಕ್ಕಿದಳು. ಸಮದ್ ಸೂಟ್‌ಕೇಸ್ ಎತ್ತಿಕೊಂಡ.

ಮತ್ತೆ ಬಸ್ಸು ಹತ್ತಿ, ಕಾರಿನ ಬಳಿ ಬಂದದ್ದಾಯಿತು. ದಾದಿ ಒಳಗೆ ತಲೆ ಹಾಕಿದವಳೇ ಹಿಂದಕ್ಕೆ ತೆಗೆದಳು.

"ಥೂ, ಏನ್ಲಾ ಸಮದ್, ಇದ್ರಾಗೆ ಯಾರ್ಲಾ ವಾಂತಿ ಮಾಡವ್ರೆ?"

ದಿಲ್ಶಾದ್ ಕಣ್ಣು ಬಿಟ್ಟುಕೊಂಡು ನೋಡಿದಳು. ವಾಂತಿ?

"ಬೆಳಿಗ್ಗೆ ಮದ್ವೆ ಊಟ ಮಾಡ್ಕೊಂಡು ಬಂದೋರು, ದಾದಿ... ತೊಳೆದೆ, ತೊಳೆದೆ, ಹೋಗ್ಲಿಲ್ಲ. ಇವರು ಮೂಗು ಮುಚ್ಕೊಂಡು ಕೂತಾಗ ಕಾರಿಂದ ಹಾರ್ಬುಡೋಣ ಅನ್ನಿಸ್ತು. ಆ ನಾಚ್ಕೆಗೇ ಟರ್ಮಿನಲ್ ವಿಷ್ಯಾನೂ ಎರಡನೇ ಸಲ ಎತ್ಲಿಲ್ಲ."

"ಇವಳಿಗೆಲ್ಲಿ ಗೊತ್ತಾಯ್ತದೆ? ನಮ್ಮನೇಲಿ ಯಾರ ಮೂಗೂ ಕೆಲ್ಸ ಮಾಡಲ್ಲ. ಮಕ್ಕಾಕೆ ಹೋಗ್ಬಂದ್ಮೇಲೆ ನಂದು ಒಸಿ ತೆರ್ಕೊಂಡೈತೆ," ಎಂದು ದಾದಿ ಮುಂದಿನ ಸೀಟಿನಲ್ಲಿ, ಮಲ್ಲಿಗೆಯ ಹತ್ತಿರಕ್ಕೆ ಕೂತು ಬಾಗಿಲು ಹಾಕಿಕೊಂಡಳು.

ಹೊರಗೆ ಇಬ್ಬರೇ ಉಳಿದರು.

"ನಾನು... ನನ್ನ ಕೈ ನಾತಕ್ಕೆ ನೀವು ಮೂಗು ಮುಚ್ಕೊಂಡ್ರಿ ಅಂದ್ಕೊಂಡೆ," ಎಂದಳು ದಿಲ್ಶಾದ್. ಬಚ್ಚಿಟ್ಟಿದ್ದ ಕೈಯನ್ನು ಮೆಲ್ಲಗೆ ಹೊರತೆಗೆದು ಚಾಚಿದಳು. "ಮೂಸಿ ನೋಡಿ. ಸುಳ್ಳು ಹೇಳ್ಬೇಡಿ."

ಅವನು ಕೈ ಹಿಡಿದು ಬಗ್ಗಿದ.

"ಐತೆ," ಎಂದ. "ಜೋರಾಗೇ ಐತೆ."

ಅವಳು ಕೈ ಎಳೆದುಕೊಳ್ಳಹೋದಳು. ಅವನು ಬಿಡಲಿಲ್ಲ.

"ಅವತ್ತು ನೀವು ಇಳಿದು ಹೋದ್ಮೇಲೂ ಸೀಟಲ್ಲಿ ಇದೇ ವಾಸ್ನೆ ಇತ್ತು. ನಾನು ಕಿಟ್ಕಿ ಇಳಿಸ್ಲಿಲ್ಲ. ಹಂಗೇ ಚನ್ನಪಟ್ಟಣದ ಗಂಟ ಓಡಿಸ್ಕೊಂಡು ಹೋದೆ."

ಅವಳ ಕಣ್ಣು ತುಂಬಿತು. ಕಾಡಿಗೆ ಕೆಟ್ಟುಹೋದದ್ದರ ಚಿಂತೆ ಈಗ ಇರಲಿಲ್ಲ.

"ನಿಮ್ಮಪ್ಪನ ಹತ್ರ ಮಾತಾಡೋಕೆ ಬತ್ತೀನಿ," ಎಂದ ಸಮದ್. "ಯಾವ ಬಾಗ್ಲಿಗೆ ಬರ್ಲಿ? ಇನ್ನೊಂದ್ಸಲ ತಪ್ಪಾಗ್ಬಾರ್ದು."

"ನಮ್ಮನೆಗೆ ಇರೋದು ಒಂದೇ ಬಾಗ್ಲು," ಎಂದಳು ದಿಲ್ಶಾದ್. "ಗೂಡಿನ ವಾಸ್ನೆ ಹಿಡ್ಕೊಂಡು ಬನ್ನಿ. ತಪ್ಪಲ್ಲ."